ಧಾರಾವಾಹಿ ನೋಡುವ ಮಲೆನಾಡಿನವರಿಗೆ ಪದೇ ಪದೇ ಬರುವ ಪ್ರಶ್ನೆಗಳು

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಸಂಜೆ ಏಳರ ಮೇಲೆ ಯಾರ ಮನೆಗೆ ಹೋದರೂ ಟಿವಿ ಮುಂದೆ ಒಂದು ವಾದ ನಡೆದೇ ಇರುತ್ತದೆ. ಬೆಂಗಳೂರಿಂದ ರಜೆಗೆ ಬಂದ ಮಕ್ಕಳು ನಗುತ್ತಾರೆ. ಧಾರಾವಾಹಿ ನೋಡುವುದೇ ಇಲ್ಲ ಎನ್ನುವ ಚಿಕ್ಕಪ್ಪಂದಿರು ಕೆಣಕುತ್ತಾರೆ. ಅವರೆಲ್ಲ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಉತ್ತರ ನನ್ನದು, ಜೊತೆಗೆ ನಮ್ಮ ಕೇರಿಯವರದ್ದೂ ಅಷ್ಟಿಷ್ಟು ಸೇರಿದೆ. ಒಪ್ಪದಿದ್ದರೆ ಜಗಳಕ್ಕೆ ಬನ್ನಿ. ಹಳೆಯ ಧಾರಾವಾಹಿಗಳ ಗುಟ್ಟು ಕೆಲವು ಕಡೆ ಹೊರಗೆ ಬಿದ್ದಿದೆ. ಈಗಷ್ಟೇ ನೋಡಲು ಶುರು ಮಾಡಿದವರು ಜೋಪಾನ.

ವರ್ಷಗಟ್ಟಲೆ ಅದೇ ಕಥೆ. ಬೇಜಾರಾಗಲ್ವಾ?

ಕಥೆ ಬೇಜಾರಾಗುತ್ತದೆ. ಜನ ಬೇಜಾರಾಗುವುದಿಲ್ಲ.

'ಅಗ್ನಿಸಾಕ್ಷಿ' 2013ರ ಕೊನೆಗೆ ಶುರುವಾಗಿ 2020ರ ಆರಂಭದವರೆಗೆ ಬಂತು. ಅದು ಶುರುವಾದಾಗ ಒಂದನೇ ಕ್ಲಾಸಿಗೆ ಹೋಗುತ್ತಿದ್ದ ಮಗು ಮುಗಿಯುವಾಗ ಏಳನೇ ಕ್ಲಾಸಲ್ಲಿತ್ತು. ಅಷ್ಟು ವರ್ಷ ಕಥೆಯಲ್ಲಿ ಏನೇನಾಯಿತು ಅಂತ ಈಗ ಕೇಳಿದರೆ ಯಾರಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಆದರೆ ಸನ್ನಿಧಿ ಎಂಥವಳು, ಸಿದ್ಧಾರ್ಥ್ ಯಾವ ಮಾತಿಗೆ ಸಿಟ್ಟಾಗುತ್ತಾನೆ, ಚಂದ್ರಿಕಾ ಮನೆಯೊಳಗೆ ಬಂದರೆ ಏನು ಗ್ರಹಚಾರ ಕಾದಿದೆ, ಅದೆಲ್ಲ ಬಾಯಿಪಾಠ. ನಾವು ಹಿಡಿದುಕೊಂಡಿರುವುದು ಪಾತ್ರದ ಗುಣವನ್ನು. ಅದು ಗಟ್ಟಿಯಾಗಿದ್ದರೆ ಕಥೆ ಎಷ್ಟು ಸೊಟ್ಟಗೆ ಹೋದರೂ ಸಹಿಸುತ್ತೇವೆ. ಗುಣ ಕೆಟ್ಟರೆ ಮಾತ್ರ ರಿಮೋಟ್ ಹುಡುಕುತ್ತೇವೆ.

ಕೆಳಗಿನ ಬಹುಪಾಲು ಉತ್ತರಗಳಲ್ಲಿ ಇದೇ ಮಾತು ತಿರುಗಿ ತಿರುಗಿ ಬರುತ್ತದೆ. ಮೊದಲೇ ಹೇಳಿಬಿಟ್ಟೆ.

ಕಥೆಯನ್ನು ಇಷ್ಟೊಂದು ಎಳೆಯೋದು ಯಾಕೆ?

ದುಡ್ಡಿನ ಲೆಕ್ಕ. ವಾರಕ್ಕೆ ಐದಾರು ಕಂತು, ಒಂದೊಂದು ಇಪ್ಪತ್ತು ಚಿಲ್ಲರೆ ನಿಮಿಷ, ಉಳಿದ ಹೊತ್ತು ಜಾಹೀರಾತು. ಪ್ರತಿ ಗುರುವಾರ ಟಿಆರ್‌ಪಿ ಬರುತ್ತದೆ. ದೇಶದಲ್ಲಿ ಆಯ್ದ ಹತ್ತಾರು ಸಾವಿರ ಮನೆಗಳಲ್ಲಿ ಮೀಟರ್ ಇಟ್ಟು, ಯಾರು ಯಾವಾಗ ಏನು ನೋಡಿದರು ಎಂದು ಅಳೆಯುತ್ತಾರೆ. 2015ರಿಂದ ಈ ಕೆಲಸ ಬಾರ್ಕ್ ಸಂಸ್ಥೆಯದ್ದು. ಅಂಕ ಏರಿದರೆ ಆ ಟ್ರ್ಯಾಕ್ ಇನ್ನೊಂದು ತಿಂಗಳು ಬೆಳೆಯುತ್ತದೆ. ಇಳಿದರೆ ಮನೆಗೆ ಹೊಸ ಅತ್ತಿಗೆ ಬರುತ್ತಾಳೆ, ಇಲ್ಲವೇ ಯಾರಿಗಾದರೂ ನೆನಪು ಹೋಗುತ್ತದೆ. ಇನ್ನೂ ಇಳಿದರೆ ಧಾರಾವಾಹಿಯನ್ನೇ ಮಧ್ಯಾಹ್ನಕ್ಕೆ ದಬ್ಬುತ್ತಾರೆ.

ಎಳೆಯುವುದು ಎಂದರೆ ಎಷ್ಟು? 'ಜೊತೆ ಜೊತೆಯಲಿ' ಮರಾಠಿಯ 'ತುಲಾ ಪಾಹತೇ ರೇ'ಯ ರೀಮೇಕ್. ಮರಾಠಿಯವರು 2018ರಲ್ಲಿ ಶುರು ಮಾಡಿ 2019ರಲ್ಲಿ ಮುಗಿಸಿದರು. ಸುಮಾರು ಒಂದು ವರ್ಷ, ಅಷ್ಟೇ. ನಮ್ಮದು 2019ರಲ್ಲಿ ಶುರುವಾಗಿ 2023ರವರೆಗೆ ಓಡಿತು.

'ಜೊತೆ ಜೊತೆಯಲಿ'ಯ ಆರ್ಯವರ್ಧನ್ ಒಳ್ಳೆಯವನಾ, ಕೆಟ್ಟವನಾ? ಒಂದೇ ಮಾತಲ್ಲಿ ಹೇಳಿ.

ಒಂದೇ ಮಾತಲ್ಲಿ ಆಗುವುದಿಲ್ಲ. ಈ ಪ್ರಶ್ನೆಗೆ ನಮ್ಮಲ್ಲಿ ಮನೆ ಮನೆಯೇ ಎರಡು ಪಕ್ಷ.

ಮೊದಲ ತಿಂಗಳುಗಳಲ್ಲಿ ಆರ್ಯ ಸರ್ ಎಂದರೆ ದೇವರು. ನಲವತ್ತು ದಾಟಿದ ಶ್ರೀಮಂತ, ಮಾತು ಕಡಿಮೆ, ನಡತೆ ಚೊಕ್ಕ. ಇಪ್ಪತ್ತರ ಆಸುಪಾಸಿನ ಅನು ಸಿರಿಮನೆ ಅವನನ್ನು ಇಷ್ಟಪಟ್ಟಾಗ, ವಯಸ್ಸಿನ ಅಂತರ ಕಂಡು ಮೂಗು ಮುರಿಯಬೇಕಾದ ಅಜ್ಜಿಯಂದಿರೇ ಅವರ ಮದುವೆಗೆ ಹರಕೆ ಹೊತ್ತಂತೆ ಕಾದರು. ಆರ್ಯನ ಪಾತ್ರವನ್ನು ಅನಿರುದ್ಧ್ ಅಷ್ಟು ಚೆನ್ನಾಗಿ ಮಾಡಿದ್ದರು. ಆಮೇಲೆ ಕಥೆ ತಿರುಗಿತು. ಅವನ ಹಿಂದಿನ ಹೆಸರು ಸುಭಾಷ್ ಪಾಟೀಲ್, ರಾಜನಂದಿನಿ ಎಂಬ ಮೊದಲ ಹೆಂಡತಿ ಇದ್ದಳು, ಆ ಸಂಪತ್ತಿನ ಹಿಂದೆ ಮೋಸ ಇದೆ ಎಂದು ಒಂದೊಂದೇ ಹೊರಗೆ ಬಂತು.

ಮೂಲ ಕಥೆಯ ಜೀವವೇ ಆ ತಿರುವು. ಮರಾಠಿಯಲ್ಲಿ ಅದು ಬೇಗ ಬಂತು, ಜನ ಬೆಚ್ಚಿದರು, ಕಥೆ ಮುಗಿಯಿತು. ಇಲ್ಲಿ ಆ ಹೊತ್ತಿಗೆ ಆರ್ಯ ನಮ್ಮ ಮನೆಯವನೇ ಆಗಿಬಿಟ್ಟಿದ್ದ. ಒಂದು ಪಕ್ಷ "ಮೊದಲಿಂದ ನಾಟಕ ಆಡಿದ್ದಾನೆ ಕಣೇ, ಗೊತ್ತಾಗಲಿಲ್ವಾ" ಎಂದಿತು. ಇನ್ನೊಂದು ಪಕ್ಷ "ಇವರು ಬೇಕು ಅಂತ ಆ ಮನುಷ್ಯನ ಹೆಸರು ಹಾಳು ಮಾಡ್ತಿದಾರೆ" ಎಂದು ಬರೆದವರಿಗೇ ಬೈದಿತು. ನಾನು ಎರಡನೇ ಪಕ್ಷ. ಅವನು ಕೆಟ್ಟವನಾಗಬಾರದು ಅಂತಲ್ಲ. ಕೆಟ್ಟವನು ಎಂಬ ಗುರುತು ಮೊದಲಿನ ಕಂತುಗಳಲ್ಲಿ ಎಲ್ಲೋ ಒಂದು ಕಡೆ, ಒಂದು ನೋಟದಲ್ಲಾದರೂ ಕಾಣಬೇಕಿತ್ತು. ವರ್ಷಗಟ್ಟಲೆ ಒಬ್ಬನನ್ನು ಸಜ್ಜನ ಎಂದು ತೋರಿಸಿ, ಮೂರು ದಿನದ ಫ್ಲ್ಯಾಶ್‌ಬ್ಯಾಕ್‌ನಲ್ಲಿ ಅದನ್ನು ಅಳಿಸಲು ಹೋದರೆ ನೋಡುವವರು ಹೇಗೆ ಒಪ್ಪುತ್ತಾರೆ?

ಪಾತ್ರ ಮಾಡುವವರು ಬದಲಾದರೆ ನಿಮಗೆ ಏನೂ ಅನ್ನಿಸಲ್ವಾ?

ಒಂದು ವಾರ ಅನ್ನಿಸುತ್ತದೆ. 2022ರಲ್ಲಿ ಅನಿರುದ್ಧ್ ಹೊರಗೆ ಹೋಗಿ ಹರೀಶ್ ರಾಜ್ ಬಂದಾಗ ಎಷ್ಟೋ ಮನೆಯಲ್ಲಿ ಸೂತಕದ ಕಳೆ ಇತ್ತು. 'ಲಕ್ಷ್ಮೀ ಬಾರಮ್ಮ'ದ ಚಿನ್ನು ಕವಿತಾ ಗೌಡ ಹೋಗಿ ರಶ್ಮಿ ಪ್ರಭಾಕರ್ ಬಂದರು. 'ರಾಧಾ ರಮಣ'ದಲ್ಲಿ ರಾಧಾ ಮಿಸ್ ಆಗಿದ್ದ ಶ್ವೇತಾ ಪ್ರಸಾದ್ ಬಿಟ್ಟು ಕಾವ್ಯಾ ಗೌಡ ಬಂದರು. ಶ್ವೇತಾ ನಮ್ಮ ಶಿವಮೊಗ್ಗದ ಹುಡುಗಿ, ಹಾಗಾಗಿ ನಮಗೆ ಸ್ವಲ್ಪ ಜಾಸ್ತಿಯೇ ಬೇಸರ ಆಯಿತು.

ಆದರೂ ವಯಸ್ಸಾದವರು ಇದನ್ನು ಬೇಗ ಒಪ್ಪುತ್ತಾರೆ, ಗಮನಿಸಿ ನೋಡಿ. ಕಾರಣ ಯಕ್ಷಗಾನ. ಒಂದೇ ಪ್ರಸಂಗದಲ್ಲಿ ಮೊದಲ ಭಾಗದ ಕೃಷ್ಣ ಒಬ್ಬ ಕಲಾವಿದ, ಬೆಳಗಿನ ಜಾವದ ಕೃಷ್ಣ ಇನ್ನೊಬ್ಬ. ಯಾರೂ "ಅವನೆಲ್ಲಿ ಹೋದ" ಎಂದು ಕೇಳುವುದಿಲ್ಲ. ವೇಷ ಬಂತು, ಕುಣಿತ ಸರಿಯಿದೆ, ಮಾತು ಕೃಷ್ಣನದ್ದೇ, ಸಾಕು. ಧಾರಾವಾಹಿಗೂ ಅದೇ ಮಾತು. ಹೊಸಬರು ಬಂದು ಅದೇ ರಾಧೆಯ ಹಾಗೆ ನಡೆದುಕೊಂಡರೆ ಹದಿನೈದು ದಿನಕ್ಕೆ ಮುಖ ಹೊಂದಿಕೊಳ್ಳುತ್ತದೆ. ಮುಖ ಬದಲಾದ ನೆಪದಲ್ಲಿ ಬರೆಯುವವರು ಗುಣವನ್ನೂ ಬದಲಿಸಿದಾಗ ತಂಟೆ ಶುರುವಾಗುತ್ತದೆ.

ಹಾಗಾದರೆ ಪಾತ್ರವನ್ನು ಸಾಯಿಸೋದಕ್ಕಿಂತ ಬೇರೆಯವರನ್ನು ತರೋದು ವಾಸಿಯಾ?

ನೂರಕ್ಕೆ ನೂರು. 'ಪುಟ್ಟಕ್ಕನ ಮಕ್ಕಳು' ಸ್ನೇಹಾಳನ್ನು 2024ರಲ್ಲಿ ಸಾಯಿಸಿದ್ದನ್ನು ನಮ್ಮ ಕಡೆ ಇನ್ನೂ ಯಾರೂ ಮರೆತಿಲ್ಲ. ಮೆಸ್ ನಡೆಸಿ ಮೂರು ಹೆಣ್ಣುಮಕ್ಕಳನ್ನು ಸಾಕಿದ ತಾಯಿ. ಗಂಡುಮಗು ಬೇಕೆಂದು ಇನ್ನೊಬ್ಬಳನ್ನು ಕಟ್ಟಿಕೊಂಡ ಗಂಡ. ಓದಿ ದೊಡ್ಡ ಅಧಿಕಾರಿ ಆದ ನಡುವಿನ ಮಗಳು. ಕಥೆಯ ಇಡೀ ಭಾರ ಆ ಹುಡುಗಿಯ ಮೇಲಿತ್ತು. ಸ್ನೇಹಾ ಪಾತ್ರ ಮಾಡುತ್ತಿದ್ದ ಸಂಜನಾ ಬುರ್ಲಿ ಬಿಟ್ಟರು ಸರಿ, ಬೇರೆ ಹುಡುಗಿಯನ್ನು ತಂದು ಅದೇ ಸ್ನೇಹಾ ಎಂದಿದ್ದರೆ ನಾಲ್ಕು ದಿನ ಗೊಣಗಿ ಸುಮ್ಮನಾಗುತ್ತಿದ್ದೆವು. ಪುಟ್ಟಕ್ಕನ ಅಷ್ಟು ವರ್ಷದ ಬೆವರಿಗೆ ಫಲ ಸಿಗುವ ಹೊತ್ತಿಗೆ ಮಗಳನ್ನೇ ತೆಗೆದರೆ ಪುಟ್ಟಕ್ಕ ಯಾಕೆ ದುಡಿದಳು ಹೇಳಿ? ಉಮಾಶ್ರೀ ಅಮ್ಮ ಆ ಕಂತುಗಳಲ್ಲಿ ಅತ್ತ ರೀತಿಗೆ ಕಲ್ಲೂ ಕರಗಬೇಕು, ಆ ಮಾತು ಬೇರೆ.

'ಪುಟ್ಟಗೌರಿ ಮದುವೆ'ಯ ಗೌರಿ ಕಾಡಿಗೆ ಹೋದ ಕಂತುಗಳನ್ನು ನೀವೂ ನಂಬಿದ್ರಾ?

ಕಾಡಿನ ಅಂಚಲ್ಲೇ ಮನೆ ಇರುವವರನ್ನು ಕೇಳುವ ಪ್ರಶ್ನೆಯಾ ಇದು? ಬಿದ್ದು ಬಿದ್ದು ನಕ್ಕೆವು. 2018ರಲ್ಲಿ ಊರಿಗೆ ಊರೇ ಕಾಡಲ್ಲಿ ಗೌರಿಗೆ ಎದುರಾದ ಹುಲಿಯ ಟ್ರೋಲ್ ಹಂಚಿಕೊಂಡಿತು. ಬೆಟ್ಟದಿಂದ ಬಿದ್ದರೂ ಗೌರಿಯ ಸೀರೆ ಮಡಿಕೆ ಕೆಡಲಿಲ್ಲ, ಕಾಲಿಗೆ ಒಂದು ಇಂಬಳವೂ (ಜಿಗಣೆ) ಹತ್ತಲಿಲ್ಲ.

ಒಂದು ಸಂಗತಿ ಮಾತ್ರ ಟ್ರೋಲ್ ಮಾಡುವವರ ಕಣ್ಣಿಗೆ ಬೀಳಲಿಲ್ಲ. ಆ ಹುಲಿಗಾಗಿ ಧಾರಾವಾಹಿ ಬಿಟ್ಟವರನ್ನು ನಾನು ನೋಡಿಲ್ಲ. ಗೌರಿಯ ಗಂಡ ಮಹೇಶ ಹಿಮಾಳ ಕಡೆ ವಾಲಿದಾಗ ಸಿಟ್ಟಿಂದ ಬಿಟ್ಟವರು ನನಗೆ ಗೊತ್ತು. ಚಿಕ್ಕಂದಿನಿಂದ ಜೊತೆಗೆ ಬೆಳೆದ ಹುಡುಗಿಯನ್ನು ಬಿಟ್ಟು ಹೋಗುವವನಲ್ಲ ಎಂದುಕೊಂಡಿದ್ದರು, ಹೋದ. ಹುಲಿ ಬಂದಾಗ ಗೌರಿ ಗೌರಿಯಾಗಿಯೇ ಇದ್ದಳು, ಧೈರ್ಯವಾಗಿ ನಿಂತಳು. ಆದ್ದರಿಂದ ನಗು ಬಂತು, ಸಿಟ್ಟು ಬರಲಿಲ್ಲ.

ವಿಲನ್ ಯಾಕೆ ಯಾವತ್ತೂ ಸಿಕ್ಕಿಬೀಳಲ್ಲ?

ಸಿಕ್ಕಿಬಿದ್ದರೆ ಮರುದಿನ ಏನು ತೋರಿಸುವುದು?

'ಕನ್ನಡತಿ'ಯ ಭುವಿ ನಮ್ಮ ಕಡೆಯವಳೇ ಅಲ್ವಾ?

ಕಥೆಯ ಪ್ರಕಾರ ಮಲೆನಾಡಿನವಳು, ಊರು ಹಸಿರುಪೇಟೆ. ನಕ್ಷೆಯಲ್ಲಿ ಹುಡುಕಬೇಡಿ, ಸಿಗುವುದಿಲ್ಲ. 2020ರಿಂದ 2023ರವರೆಗೆ ಬಂದ ಈ ಧಾರಾವಾಹಿಯನ್ನು ನಮ್ಮ ಕಡೆ ಸೊಂಟ ಕಟ್ಟಿ ನೋಡಿದರು. ನಾಯಕಿ ಕನ್ನಡ ಮೇಡಂ. ಕಂತು ಮುಗಿದ ಮೇಲೆ 'ಸರಿಗನ್ನಡಂ ಗೆಲ್ಗೆ' ಎಂದು ಒಂದು ಪದ ತಿದ್ದಿ ಹೇಳುತ್ತಿದ್ದರು. ಮಕ್ಕಳಿಗೆ "ಅದನ್ನಾದರೂ ನೋಡ್ರೋ" ಎಂದು ಕೂರಿಸಿಕೊಳ್ಳಲು ಅಮ್ಮಂದಿರಿಗೆ ಒಳ್ಳೆ ನೆಪ ಸಿಕ್ಕಿತು.

ಭುವಿ ನನಗೆ ಇಷ್ಟ. ಆದರೆ ಆ ಕಥೆಯ ದೊಡ್ಡ ಪಾತ್ರ ಅಮ್ಮಮ್ಮ ರತ್ನಮಾಲಾ. ಚಿತ್ಕಳಾ ಬಿರಾದಾರ್ ದನಿ ಎತ್ತದೆ ಮಾತಾಡುತ್ತಿದ್ದರು, ಇಡೀ ಮನೆ ಕೇಳುತ್ತಿತ್ತು. ಬೇರೆ ಧಾರಾವಾಹಿಯ ಯಜಮಾನಿಯರು ಕಿರುಚಿ ಸಾಧಿಸಲಾಗದ್ದನ್ನು ಇವರು ಒಂದು ನಗುವಿನಲ್ಲಿ ಸಾಧಿಸಿದರು. ಸೊಸೆಯನ್ನು ಪರೀಕ್ಷೆ ಮಾಡಿದರು, ನಂಬಿದರು, ಆಸ್ತಿಯನ್ನೇ ಅವಳ ಹೆಸರಿಗೆ ಮಾಡಿದರು. ಅಮ್ಮಮ್ಮ ಸತ್ತ ಮೇಲೆ ಆ ಮನೆಯೇ ಬಿಕೋ ಎಂದಿತು, ನಂತರದ ಕಂತುಗಳು ಸಪ್ಪೆಯಾದವು. ನಾಯಕ ಹರ್ಷನ ಅಭಿಮಾನಿಗಳು ಇದನ್ನು ಒಪ್ಪುವುದಿಲ್ಲ. ಒಪ್ಪದಿರಲಿ.

ಒಂದು ದೂರು ಇದೆ. ಭುವಿಯ ಕನ್ನಡ ಪಠ್ಯಪುಸ್ತಕದ ಕನ್ನಡ. ಮೇಡಂ ಆದ್ದರಿಂದ ಕ್ಲಾಸಲ್ಲಿ ಸರಿ. ಅಪ್ಪ-ಅಮ್ಮನ ನೆನಪಲ್ಲಿ ಒಬ್ಬಳೇ ಕೂತಾಗಲಾದರೂ "ಎಂತಕ್ಕೆ ಹೀಗಾಯ್ತು ಮಾರಾಯ್ತಿ" ಎಂದು ಬಾಯಿಗೆ ಬರಬೇಡವಾ?

ಹಾಗಾದರೆ ಮಲೆನಾಡನ್ನು ಯಾರೂ ಸರಿಯಾಗಿ ತೋರಿಸಿಲ್ವಾ?

ಮೊದಲ ಎರಡು ವಾರ ತೋರಿಸುತ್ತಾರೆ. ಮಂಜು, ತೊಟ್ಟಿಮನೆ, ಅಡಿಕೆ ತೋಟದ ನಡುವೆ ಓಡುವ ನಾಯಕಿ. ಆಮೇಲೆ ಅವಳಿಗೆ ಬೆಂಗಳೂರಲ್ಲಿ ಮದುವೆ ಆಗುತ್ತದೆ, ಕ್ಯಾಮೆರಾ ಒಂದು ಬಂಗಲೆಯ ಹಾಲ್ ಬಿಟ್ಟು ಹೊರಗೆ ಬರುವುದಿಲ್ಲ. ದಿನಕ್ಕೊಂದು ಕಂತು ಒಪ್ಪಿಸಬೇಕಾದವರು ಇಡೀ ತಂಡ ಕಟ್ಟಿಕೊಂಡು ನಮ್ಮ ಮಳೆಯಲ್ಲಿ ಶೂಟಿಂಗ್ ಮಾಡಲು ಸಾಧ್ಯವೂ ಇಲ್ಲ, ಅದು ನಮಗೆ ಅರ್ಥವಾಗುತ್ತದೆ. ಆದರೆ ತೋರಿಸುವ ಆ ಎರಡು ವಾರದಲ್ಲಾದರೂ ಒಲೆಯ ಮೇಲೆ ಒಣಗದ ಬಟ್ಟೆ ನೇತಾಡಲಿ. ಕೊಳೆರೋಗದ ಚಿಂತೆ ಇಲ್ಲದ ಅಡಿಕೆ ಬೆಳೆಗಾರನನ್ನು ನಾನು ಧಾರಾವಾಹಿಯಲ್ಲಿ ಮಾತ್ರ ಕಂಡಿದ್ದೇನೆ.

ಇನ್ನೊಂದು. ಮಲೆನಾಡಿನ ಹುಡುಗಿ ಎಂದರೆ ಮುಗ್ಧೆ, ಪಟ್ಟಣ ಕಂಡರೆ ಕಣ್ಣು ಬಿಡುವವಳು. ಯಾರು ಹೇಳಿದರೋ! ಶಿವಮೊಗ್ಗ ಬಸ್ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಎಂಟಕ್ಕೆ ಬಂದು ನಿಲ್ಲಲಿ, ಕಾಲೇಜಿಗೆ ಹೊರಟ ನಮ್ಮ ಹುಡುಗಿಯರ ಬಾಯಿ ಹೇಗಿದೆ ಗೊತ್ತಾಗುತ್ತದೆ. ಆ ಲೆಕ್ಕಕ್ಕೆ 'ಗಟ್ಟಿಮೇಳ'ದ ಅಮೂಲ್ಯಳೇ ನಮ್ಮವಳ ಹಾಗಿದ್ದಳು, ಎದುರಿಗೆ ಯಾರೇ ಇರಲಿ ಫಟ್ ಅಂತ ಹೇಳುತ್ತಿದ್ದಳು.

'ಮಾಲ್ಗುಡಿ ಡೇಸ್' ಇಲ್ಲೇ ತೆಗೆದಿದ್ದು ನಿಜವಾ? ಈಗ ನೋಡಲು ಏನಿದೆ?

ನಿಜ. ಶಂಕರ್ ನಾಗ್ 1980ರ ದಶಕದಲ್ಲಿ ದೂರದರ್ಶನಕ್ಕಾಗಿ ತೆಗೆದರು. ಆಗುಂಬೆಯ ದೊಡ್ಡಮನೆ ಈಗಲೂ ಇದೆ. ಜನ ವಾಸ ಇರುವ ಮನೆ ಅದು, ಹೋದರೆ ಮನೆಗೆ ಹೋದ ಹಾಗೆ ನಡೆದುಕೊಳ್ಳಿ. ಮಾಲ್ಗುಡಿಯ ರೈಲು ನಿಲ್ದಾಣ ಆಗಿದ್ದು ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳು. ಅಲ್ಲಿನ ಹಳೆಯ ನಿಲ್ದಾಣವನ್ನು 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ.

ಧಾರಾವಾಹಿಯ ಮಾತಿಗೆ ಬಂದರೆ, ಮಾಸ್ಟರ್ ಮಂಜುನಾಥ್ ಮಾಡಿದ ಸ್ವಾಮಿಯನ್ನು ಇವತ್ತಿನ ಕೈಗೆ ಕೊಟ್ಟಿದ್ದರೆ ಅವನಿಗೂ ಒಬ್ಬ ಮಲತಾಯಿ, ಒಬ್ಬ ಅವಳಿ ಸೋದರ ಬರುತ್ತಿದ್ದರು.

ನಾಯಕಿಯರು ಇನ್ನೂ ಎಷ್ಟು ವರ್ಷ ಅಳಬೇಕು?

ಈ ವಿಷಯದಲ್ಲಿ ಕಾಲ ಸ್ವಲ್ಪ ಮುಂದೆ ಬಂದು, ಹಿಂದೆ ಹೋಗಿ, ಮತ್ತೆ ಮುಂದೆ ಬಂದಿದೆ. 1998ರ 'ಮಾಯಾಮೃಗ'ದಲ್ಲೇ ಕೆಲಸಕ್ಕೆ ಹೋಗುವ, ಯೋಚಿಸುವ, ಎದುರು ಮಾತಾಡುವ ಹೆಂಗಸರಿದ್ದರು. ಟಿ.ಎನ್. ಸೀತಾರಾಂ ಅವರ ಧಾರಾವಾಹಿ ಎಂದರೆ ಕೋರ್ಟ್ ಸೀನಿಗೆ ಗಂಡಸರೂ ಊಟದ ತಟ್ಟೆ ಹಿಡಿದು ಬಂದು ಕೂರುತ್ತಿದ್ದರು. ಆಮೇಲೆ ಬಂದ ಅಲೆಯಲ್ಲಿ ಸೊಸೆಯರು ಅತ್ತಿದ್ದೇ ಅತ್ತಿದ್ದು.

ಈಚಿನದ್ದರಲ್ಲಿ 2022ರಲ್ಲಿ ಬಂದ 'ಭಾಗ್ಯಲಕ್ಷ್ಮಿ'ಯ ಬಗ್ಗೆ ನಾಲ್ಕು ಮಾತು ಹೇಳಲೇಬೇಕು. ಭಾಗ್ಯಳಿಗೆ ಓದಿಲ್ಲ ಎಂಬ ಕೊರಗು. ಗಂಡ ತಾಂಡವ್‌ಗೆ ಅವಳೆಂದರೆ ತಾತ್ಸಾರ, ಹೊರಗೆ ಶ್ರೇಷ್ಠಾಳ ಜೊತೆ ಸಂಬಂಧ. ಇದುವರೆಗೆ ಹಳೇ ಕಥೆಯೇ. ಆದರೆ ಅವಳು ಮಗಳು ಓದುವ ಶಾಲೆಗೇ ಹತ್ತನೇ ತರಗತಿ ಓದಲು ಹೋದಳು. ಮಗಳಿಗೆ ನಾಚಿಕೆ, ಊರಿಗೆ ನಗು. ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅರ್ಧಕ್ಕೆ ಬಿಟ್ಟು ಮದುವೆಯಾದ ಎಷ್ಟು ಹೆಂಗಸರು ಆ ಕಂತುಗಳನ್ನು ಮಾತಿಲ್ಲದೆ ನೋಡಿದರು!

ಇನ್ನು ಅತ್ತೆ ಕುಸುಮ. ಮಗ ತಪ್ಪು ಮಾಡಿದ ಎಂದು ಗೊತ್ತಾದ ಮೇಲೆ ಸೊಸೆಯ ಪರ ನಿಂತ ಅತ್ತೆ. ಪದ್ಮಜಾ ರಾವ್ ಅದನ್ನು ಸಿಹಿ ಸಿಹಿಯಾಗಿ ಮಾಡಲಿಲ್ಲ. ಗದರುತ್ತಾರೆ, ಹಟ ಮಾಡುತ್ತಾರೆ, ತನ್ನ ಮಾತೇ ನಡೆಯಬೇಕು ಎನ್ನುತ್ತಾರೆ, ಆ ಹಟವೇ ಸೊಸೆಗೆ ಆಸರೆ. ಇಂಥ ಅತ್ತೆ ನಿಜವಾಗಿ ಇರುತ್ತಾರಾ ಎಂದು ಕೇಳುವವರಿದ್ದಾರೆ. ಇರುತ್ತಾರೆ. ಅವರ ಬಗ್ಗೆ ಯಾರೂ ಮಾತಾಡುವುದಿಲ್ಲ, ಯಾಕೆಂದರೆ ಅಲ್ಲಿ ಜಗಳ ಇರುವುದಿಲ್ಲ.

ನನ್ನ ತಕರಾರು ಒಂದೇ. ಭಾಗ್ಯ ಗಟ್ಟಿಯಾದಳು ಎಂದುಕೊಂಡ ಮರುವಾರ ಮತ್ತೆ ಮೊದಲಿನ ಭಾಗ್ಯಳಾಗಿ ತಾಂಡವ್ ಮುಂದೆ ತಡವರಿಸುತ್ತಾಳೆ. ಹತ್ತು ಮೆಟ್ಟಿಲು ಹತ್ತಿಸಿ ಒಂಬತ್ತು ಇಳಿಸುತ್ತಾರೆ.

ನಡುವಯಸ್ಸಿನವರ ಪ್ರೇಮಕಥೆ ನಮ್ಮ ಹಿರಿಯರಿಗೆ ಹಿಡಿಸ್ತದಾ?

ಹಿಡಿಸಿದೆ, ಅದೇ ಆಶ್ಚರ್ಯ. 'ಅಮೃತಧಾರೆ'ಯ ಗೌತಮ್ ಮತ್ತು ಭೂಮಿಕಾ ಮದುವೆಯ ವಯಸ್ಸು ದಾಟಿದವರು. ರಾಜೇಶ್ ನಟರಂಗ, ಛಾಯಾ ಸಿಂಗ್ ಇಬ್ಬರೂ ಅವಸರ ಮಾಡದೆ ಆ ಸಂಬಂಧ ಬೆಳೆಸಿದರು. 'ಶ್ರೀರಸ್ತು ಶುಭಮಸ್ತು' ಇನ್ನೂ ಮುಂದೆ ಹೋಯಿತು. ಮಕ್ಕಳು ದೊಡ್ಡವರಾದ ತುಳಸಿ ಎರಡನೇ ಮದುವೆ ಆಗುತ್ತಾಳೆ. ನಮ್ಮಂಥ ಊರಲ್ಲಿ ಅಜ್ಜಿಯಂದಿರು "ಆಗಲಿ ಬಿಡು, ಪಾಪ" ಎಂದರು. ಆದರೆ ತುಳಸಿ ಗರ್ಭಿಣಿ ಎಂಬ ಟ್ರ್ಯಾಕ್ ಬಂದಾಗ ಅದೇ ಅಜ್ಜಿಯಂದಿರು ಚಾನೆಲ್ ಬದಲಿಸಿದರು. ಸಂಕೋಚಕ್ಕಿಂತ ಹೆಚ್ಚಾಗಿ, ತುಳಸಿಯಂಥ ಸಮಾಧಾನದ ಹೆಂಗಸಿನ ಕಥೆಗೆ ಇದು ಬೇಕಿರಲಿಲ್ಲ ಎಂಬುದು ಅವರ ವಾದ. ಕಿರಿಯರು ಹಾಗೆ ಹೇಳುವುದೇ ತಪ್ಪು ಎನ್ನುತ್ತಾರೆ. ಈ ಜಗಳದಲ್ಲಿ ನಾನು ಬಾಯಿ ಹಾಕುವುದಿಲ್ಲ.

ಅತ್ತೆ, ಮಾವ, ಅಜ್ಜಿ ಪಾತ್ರದವರು ನಾಯಕ-ನಾಯಕಿಗಿಂತ ಚೆನ್ನಾಗಿ ಮಾಡ್ತಾರಲ್ಲ, ಯಾಕೆ?

ಬಹಳ ಜನ ನಾಟಕದಿಂದ ಬಂದವರು. ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ ನೀನಾಸಂ 1980ರಿಂದ ರಂಗಶಿಕ್ಷಣ ಕೊಡುತ್ತಿದೆ. ಅಲ್ಲಿ ಕಲಿತವರು ಎಷ್ಟೋ ಧಾರಾವಾಹಿಯಲ್ಲಿದ್ದಾರೆ. ಉದ್ದ ಮಾತನ್ನು ಉಸಿರು ಕಟ್ಟದೆ ಹೇಳುವವರನ್ನು ಕಂಡರೆ ರಂಗಭೂಮಿಯವರು ಎಂದು ನಮ್ಮ ಕಡೆಯವರು ಥಟ್ಟನೆ ಗುರುತಿಸುತ್ತಾರೆ.

ಎಲ್ಲರೂ ಮನಸ್ಸಲ್ಲಿರೋದನ್ನು ಜೋರಾಗಿ ಯಾಕೆ ಹೇಳ್ಕೊಳ್ತಾರೆ?

ಕೇಳುವವರಿಗಾಗಿ. ಅಡಿಕೆ ಸುಲಿಯುವ ಕಾಲದಲ್ಲಿ ಬಂದು ನೋಡಿ. ಮೆಟ್ಟುಗತ್ತಿ ಮುಂದೆ ಸಾಲಾಗಿ ಕೂತವರ ಕಣ್ಣು ಕೈಯ ಮೇಲಿರಬೇಕು, ಇಲ್ಲದಿದ್ದರೆ ಬೆರಳು ಹೋಗುತ್ತದೆ. ಟಿವಿ ಒಳಗಿನ ಕೋಣೆಯಲ್ಲಿ ಜೋರಾಗಿ ಓಡುತ್ತಿರುತ್ತದೆ. "ಇವಳನ್ನು ಈ ಮನೆಯಿಂದ ಓಡಿಸದಿದ್ದರೆ ನನ್ನ ಹೆಸರು ಶಕುಂತಲಾ ಅಲ್ಲ" ಎಂಬಂಥ ಮಾತು ಬಂದರೆ ಸಾಕು, ತಲೆ ಎತ್ತದೆ ಕಥೆ ತಿಳಿಯುತ್ತದೆ. ಎಲ್ಲ ಊರಲ್ಲೂ ಒಗ್ಗರಣೆ ಹಾಕುತ್ತಾ, ಹೂ ಕಟ್ಟುತ್ತಾ ಕೇಳುವವರೇ ಜಾಸ್ತಿ. ಅದು ಬರೆಯುವವರಿಗೂ ಗೊತ್ತು.

ಮಳೆಗಾಲದಲ್ಲಿ ಕಂತು ತಪ್ಪಿದರೆ ಏನು ಮಾಡ್ತೀರಿ?

ಜೋರು ಮಳೆಗೆ ಡಿಶ್ ಸಿಗ್ನಲ್ ಹೋಗುತ್ತದೆ, ಆಮೇಲೆ ಕರೆಂಟೂ ಹೋಗುತ್ತದೆ. ನೆಟ್‌ವರ್ಕ್ ಸಿಗುವ ಗುಡ್ಡದ ಮೇಲಿನ ಮನೆಯವರು ಝೀ5 ಅಥವಾ ಜಿಯೋ ಹಾಟ್‌ಸ್ಟಾರ್‌ನಲ್ಲಿ ನೋಡುತ್ತಾರೆ. ಉಳಿದವರಿಗೆ ಮರುಪ್ರಸಾರ ಇದೆ, ಫೋನ್ ಇದೆ. ಫೋನಲ್ಲಿ ಹೇಳುವ ಕಥೆ ಎಷ್ಟೋ ಸಲ ಟಿವಿಗಿಂತ ಚೆನ್ನಾಗಿರುತ್ತದೆ. ಜಾಹೀರಾತು ಇರುವುದಿಲ್ಲ, ಹೇಳುವವರು ಬೈಗುಳವನ್ನೂ ಸೇರಿಸಿಯೇ ಹೇಳುತ್ತಾರೆ.

ಮುಕ್ತಾಯ ಮಾತ್ರ ಯಾಕೆ ಅಷ್ಟು ಅವಸರ?

ಆರು ವರ್ಷ ಮುಚ್ಚಿಟ್ಟ ಸತ್ಯ ಕೊನೆಯ ವಾರ ಅರ್ಧ ಗಂಟೆಯಲ್ಲಿ ಹೊರಗೆ ಬರುತ್ತದೆ, ವಿಲನ್ ಕಾಲಿಗೆ ಬೀಳುತ್ತಾಳೆ, ಎಲ್ಲರೂ ನಿಂತು ಫೋಟೋ. ಆ ಜಾಗಕ್ಕೆ ಬರುವ ಹೊಸ ಧಾರಾವಾಹಿಯ ಪ್ರೋಮೋ ಆಗಲೇ ಓಡುತ್ತಿರುತ್ತದೆ, ಮತ್ತೆ ಸಮಯ ಎಲ್ಲಿದೆ? 2020ರ ಲಾಕ್‌ಡೌನ್‌ನಲ್ಲಿ ಶೂಟಿಂಗ್ ನಿಂತಾಗ 'ಮಗಳು ಜಾನಕಿ'ಯಂಥದ್ದಕ್ಕೆ ಆ ಅವಸರದ ಮುಕ್ತಾಯದ ಭಾಗ್ಯವೂ ಸರಿಯಾಗಿ ಸಿಗಲಿಲ್ಲ. ಜಾನಕಿಯ ಕಥೆ ಮುಂದೆ ಏನಾಗಬೇಕಿತ್ತು ಎಂದು ನಮ್ಮ ಮನೆಯಲ್ಲಿ ಮೂರು ಜನ ಮೂರು ರೀತಿ ಹೇಳುತ್ತಾರೆ.

ನಾನು ಹೊಸಬ. ಯಾವುದರಿಂದ ಶುರು ಮಾಡಲಿ?

ಮೊದಲ ಕಂತಿನಿಂದ ನೋಡುತ್ತೇನೆ ಎಂಬ ಹಟ ಬೇಡ, ಆಗುವುದಿಲ್ಲ. ಈಗ ಬರುತ್ತಿರುವ ಯಾವುದಾದರೂ ಒಂದನ್ನು ಸೋಮವಾರ ಹಿಡಿಯಿರಿ. ಯಾರು ಯಾರ ಮಗ, ಯಾರಿಗೆ ಯಾರ ಮೇಲೆ ಸೇಡು ಎಂಬುದನ್ನು ಪಕ್ಕದ ಮನೆಯ ಅಕ್ಕನ ಹತ್ತಿರ ಕೇಳಿ. ಶುಕ್ರವಾರದ ಹೊತ್ತಿಗೆ ನೀವೇ ಅವರಿಗೆ "ಅವಳು ಹಾಗೆ ಮಾಡುವವಳಲ್ಲ" ಎಂದು ವಾದ ಮಾಡುತ್ತೀರಿ. ಮಾಡದಿದ್ದರೆ ಆ ಧಾರಾವಾಹಿ ಬಿಟ್ಟು ಬೇರೆ ನೋಡಿ.